ಮನೆಗೊಂದು ಕೋವಿ

ನಗರದ ಗೃಹಸ್ಥನೊಬ್ಬ ಮನೆಯ ರಕ್ಷಣೆಗೆಂದು ಮಾಡಿಕೊಳ್ಳುವ ಏರ್ಪಾಟುಗಳಿಗೆ ಒಂದು ಕ್ರಮವಿದೆ. ಮೊದಲು ಬಾಗಿಲಿಗೊಂದು ಒಳ್ಳೆಯ ಬೀಗ. ಆಮೇಲೆ ಕಿಟಕಿಗೆ ಗ್ರಿಲ್ಲು, ಕಾಂಪೌಂಡಿನ ಮೇಲೆ ಗಾಜಿನ ಚೂರು, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ. ನಾಯಿ ಇರಲೇಬೇಕೆಂದೇನಿಲ್ಲ. ಈಚೆಗೆ ಈ ಸಾಲಿಗೆ ಕ್ಯಾಮೆರಾ ಕೂಡ ಸೇರಿದೆ. ಇಷ್ಟೆಲ್ಲ ಆದಮೇಲೂ ರಾತ್ರಿ ಎರಡು ಗಂಟೆಗೆ ಹಿತ್ತಲಲ್ಲಿ ತಗಡು ಸದ್ದಾದರೆ ಎದೆ ಧಸಕ್ಕೆನ್ನುವುದು ತಪ್ಪುವುದಿಲ್ಲ. ಆಗ ಕೆಲವರಿಗೆ ಕೋವಿಯ ನೆನಪಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ಯಜಮಾನರೊಬ್ಬರಿಗೆ ಆದದ್ದೂ ಹಾಗೆಯೇ. ಮಗ ಹೊರದೇಶದಲ್ಲಿ, ಮಗಳು ಮೈಸೂರಿನಲ್ಲಿ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಎರಡು ಬೀದಿಯಾಚೆ, ಮದುವೆಗೆಂದು ಊರಿಗೆ ಹೋಗಿದ್ದವರ ಮನೆಯ ಬೀಗ ಮುರಿದಿದ್ದರು. ಆ ಸುದ್ದಿ ಬಂದ ವಾರದಲ್ಲೇ ಯಜಮಾನರು ಊಟದ ಹೊತ್ತಿನಲ್ಲಿ, ಹೊಸ ಮಿಕ್ಸಿ ತರುವ ಮಾತಿನಷ್ಟೇ ಸಹಜವಾಗಿ, “ಒಂದು ಕೋವಿಗೆ ಲೈಸೆನ್ಸ್ ಹಾಕೋಣ ಅಂತಿದೀನಿ” ಎಂದರು. ಮನೆಯಾಕೆ ಸಾರು ಬಡಿಸುತ್ತಿದ್ದವರು ಸೌಟನ್ನು ಹಾಗೇ ಹಿಡಿದುಕೊಂಡು ನಿಂತರು. ಏನೂ ಹೇಳಲಿಲ್ಲ.

ಯಜಮಾನರ ಭಯ ಸುಳ್ಳೆನ್ನುವಂತಿಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಈ ಕೈಗಾರಿಕಾ ನಗರವನ್ನು ಆರಂಭಿಸಿದಾಗ ಸುತ್ತಮುತ್ತ ಇದ್ದದ್ದು ಹೊಲಗಳು. ಆ ಹಳ್ಳಿಗಳಲ್ಲಿ ಕತ್ತಲೆಯಲ್ಲಿ ಯಾರಾದರೂ ನಡೆದು ಹೋದರೆ ಕೆಮ್ಮಿನ ಸದ್ದಿನಿಂದಲೇ ಇಂಥವರೆಂದು ಗುರುತು ಹಿಡಿಯುತ್ತಿದ್ದರು. ತೊಂಬತ್ತರ ದಶಕದಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಬಂದವು. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಎತ್ತರದ ಹೆದ್ದಾರಿ ಬಂತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಕೂಡ ಬಂತು. ಜನ ಲಕ್ಷಗಟ್ಟಲೆ ಆದರು, ಕೆಮ್ಮಿನ ಗುರುತು ಮಾತ್ರ ಯಾರಿಗೂ ಉಳಿಯಲಿಲ್ಲ. ಪಕ್ಕದ ಮನೆಯ ಬಾಡಿಗೆದಾರ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತಾನೆ. ಅವನ ಹೆಸರು ಗೊತ್ತಾಗುವಷ್ಟರಲ್ಲಿ ಸಾಮಾನಿನ ಲಾರಿ ಬಂದಿರುತ್ತದೆ.

ಯಜಮಾನರು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಅಳತೆ, ತಪಾಸಣೆಯ ಕೆಲಸ ಮಾಡಿದವರು. ಯಾವ ವಸ್ತುವನ್ನೂ ತಿಳಿಯದೆ ಕೊಳ್ಳುವವರಲ್ಲ. ಹಳೆಯ ಡೈರಿಯೊಂದನ್ನು ತೆಗೆದು ಕೋವಿಯ ವಿಷಯ ಬರೆಯತೊಡಗಿದರು. ಮನೆ ಕಾಯಲು ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ 12 ಬೋರಿನ ತೋಟಾ ಕೋವಿ. ಈ ಬೋರಿನ ಲೆಕ್ಕವೇ ವಿಚಿತ್ರ. ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ, ನಳಿಗೆಯ ಒಳಗಿನ ಅಡ್ಡಳತೆಯೂ ಅಷ್ಟು, ಸುಮಾರು 18.5 ಮಿಲಿಮೀಟರು. ಹೀಗಾಗಿ ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು. ಈ ಲೆಕ್ಕ ಯಜಮಾನರಿಗೆ ಬಹಳ ಹಿಡಿಸಿತು.

ಒಂಟಿ ನಳಿಗೆಯದು ಹಗುರ, ಸರಳ. ಆದರೆ ಒಂದೇ ಈಡು. ಜೋಡು ನಳಿಗೆಯದು ಕೊಂಚ ಭಾರ. ಮುರಿದು ನೋಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಮೊದಲ ಸಲ ಕೋವಿ ಹಿಡಿಯುವವನಿಗೆ ಇದು ದೊಡ್ಡ ಗುಣ. ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಪಂಪ್ ಕೋವಿಯೂ ಉಂಟು. ಅದರಲ್ಲಿ ಹಲವು ತೋಟಾ ತುಂಬಬಹುದು, ಆದರೆ ಅಭ್ಯಾಸವಿಲ್ಲದ ಕೈಗೆ ಗಾಬರಿಯಲ್ಲಿ ಅದು ಅಷ್ಟು ಸಲೀಸಲ್ಲ. ಚರೆ ಹರಡಿಕೊಳ್ಳುತ್ತದೆ, ಗುರಿಯೇ ಬೇಡ ಎಂಬ ನಂಬಿಕೆಯೊಂದು ಜನರಲ್ಲಿದೆ. ಹತ್ತು ಹನ್ನೆರಡು ಅಡಿಯ ಕೋಣೆಯೊಳಗೆ ಚರೆ ಹರಡುವುದು ಕೆಲವೇ ಅಂಗುಲ. ಅಲ್ಲಿ ಗುರಿ ತಪ್ಪಿದರೆ ತಪ್ಪಿದಂತೆಯೇ. ಚರೆ ಬಾಗಿಲ ಹಲಗೆಯನ್ನೋ ಕಿಟಕಿಯ ಗಾಜನ್ನೋ ತೂರಿ ಆಚೆ ಇರುವವರ ಕಡೆಗೆ ಹೋಗುತ್ತದೆ. ಎಲ್ಲ ತೂಗಿ ನೋಡಿ ಅವರು ಜೋಡು ನಳಿಗೆಯ ಮುಂದೆ ಸರಿ ಗುರುತು ಹಾಕಿದರು.

ಮುಂದಿನದು ಕಾನೂನು. 1959ರ ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ, ಆತ್ಮರಕ್ಷಣೆಗೋ ಕ್ರೀಡೆಗೋ ಕನಿಷ್ಠ 20 ಅಂಗುಲ ಉದ್ದದ ನಯ ನಳಿಗೆಯ ಕೋವಿಗೆ ಪರವಾನಗಿ ಕೊಡುವ ವಿಚಾರವಿದೆ. ಪೊಲೀಸ್ ಕಮಿಷನರ ವ್ಯಾಪ್ತಿಯ ಊರಾದರೆ ಅರ್ಜಿ ಕಮಿಷನರಿಗೆ, ಜಿಲ್ಲೆಯ ಊರಾದರೆ ಜಿಲ್ಲಾಧಿಕಾರಿಗೆ. ಠಾಣೆಯಿಂದ ವಿಚಾರಣೆ ನಡೆದು ವರದಿ ಹೋಗಬೇಕು. ಪರವಾನಗಿ ಸಿಕ್ಕ ಮೇಲೆಯೇ ಅಂಗಡಿಯಲ್ಲಿ ಕೊಳ್ಳುವುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. 2016ರ ನಿಯಮಗಳು ಇನ್ನೂ ಕೆಲವನ್ನು ಕೇಳುತ್ತವೆ: ಕೋವಿ ಬಳಸುವ ತರಬೇತಿ ಪಡೆದ ಪತ್ರ, ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ, ದೇಹವೂ ಮನಸ್ಸೂ ಆರೋಗ್ಯವಾಗಿವೆ ಎಂಬ ವೈದ್ಯರ ಪತ್ರ. ಯಜಮಾನರು ಎಲ್ಲವನ್ನೂ ಡೈರಿಯಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡರು. ಕೊನೆಯದರ ಮುಂದೆ ಪೆನ್ನು ಒಂದು ಕ್ಷಣ ನಿಂತಿತೆಂದು ಕಾಣುತ್ತದೆ, ಅಲ್ಲೊಂದು ಮಸಿಯ ಚುಕ್ಕೆ ಬಿದ್ದಿತ್ತು.

ಆ ತಿಂಗಳು ತೀರ್ಥಹಳ್ಳಿ ಕಡೆಯಿಂದ ಮನೆಯಾಕೆಯ ಅಣ್ಣ ಬಂದರು. ಅಡಿಕೆ ತೋಟದವರು, ತಂದೆಯ ಕಾಲದಿಂದ ಮನೆಯಲ್ಲಿ ಕೋವಿ ಉಂಟು. ಯಜಮಾನರು ಡೈರಿ ತೆಗೆದು ಎಲ್ಲವನ್ನೂ ಓದಿ ಹೇಳಿದರು. ಭಾವ ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿದರು.

“ಭಾವ, ನೀವು ಓದಿದ್ದೆಲ್ಲ ಸರಿ. ನಮ್ಮ ಮನೆ ಕೋವಿ ವರ್ಷಕ್ಕೆ ನಾಲ್ಕು ಈಡು ಹೊಡೆದರೆ ಹೆಚ್ಚು. ಅದೂ ಮಂಗ ಓಡಿಸೋಕೆ, ಆಕಾಶಕ್ಕೆ. ಎಲೆಕ್ಷನ್ ಬಂತು ಅಂದ್ರೆ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗೆ ಎಲೆಕ್ಷನ್ ಗೊತ್ತಿಲ್ಲ. ಇನ್ನು ಉಳಿದ ಮುನ್ನೂರ ಅರವತ್ತು ದಿನ ಅದನ್ನು ಕಾಯೋದೇ ನಮ್ಮ ಕೆಲಸ. ಅದು ನಮ್ಮನ್ನು ಕಾದಿದ್ದು ನಾನಂತೂ ಕಾಣೆ” ಎಂದರು.

ಮಲೆನಾಡಿನವರು ಕೋವಿಯ ಮಾತನ್ನು ತಮಾಷೆಯಲ್ಲಿ ತೇಲಿಸುವುದುಂಟು. ಆದರೆ ಶಿಕಾರಿಗೆ ಹೋದಾಗ ಪೊದೆ ಅಲುಗಿದ್ದನ್ನು ಹಂದಿಯೆಂದು ತಿಳಿದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಗಳು ಆ ಸೀಮೆಗೆ ಹೊಸವಲ್ಲ. ಹೊಡೆದವನು ಬೇರೆ ಊರಿನವನಲ್ಲ, ಬಿದ್ದವನು ಶತ್ರುವೂ ಅಲ್ಲ.

ಕೋವಿಯೊಡನೆ ಬಾಳುವುದನ್ನು ಒಂದು ಕ್ರಮವಾಗಿ ಮಾಡಿಕೊಂಡವರು ಕೊಡಗಿನವರು. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ಕೊಟ್ಟ ಆಯುಧ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದು ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಇಟ್ಟು ಪೂಜೆ. ಮನೆಯ ಹಿರಿಯರು ಅದನ್ನು ಹೇಗೆ ಹಿಡಿಯುತ್ತಾರೆ, ಎಲ್ಲಿ ಇಡುತ್ತಾರೆ ಎಂಬುದನ್ನು ನೋಡುತ್ತಲೇ ಮಗು ಬೆಳೆಯುತ್ತದೆ. ಗುಂಡಿನ ಸದ್ದು ಕೇಳಿದರೆ ನೆರೆಯವರು ಓಡಿ ಬರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆ ಸದ್ದು ಕೇಳಿದರೆ ಯಾವುದೋ ಮದುವೆಯ ಪಟಾಕಿಯೆಂದು ಮಗ್ಗುಲು ಬದಲಿಸುವವರೇ ಹೆಚ್ಚು. ಅಂಗಡಿಯಲ್ಲಿ ಕೋವಿ ಸಿಕ್ಕರೂ ಅದರ ಸುತ್ತಲಿನ ಜನ ಸಿಗುವುದಿಲ್ಲ.

ಊಟವಾದ ಮೇಲೆ ಭಾವ ಎದ್ದು ಮನೆಯೊಳಗೆ ಓಡಾಡಿ ನೋಡಿದರು. “ಎಲ್ಲಿ ಇಡ್ತೀರಿ?” ಎಂದರು. ಮಲಗುವ ಕೋಣೆಯ ಬೀರು ಎಂದರು ಯಜಮಾನರು. ತೋಟಾ ಎಲ್ಲಿ? ಅದೂ ಅಲ್ಲೇ ಇದ್ದರೆ ಮೊಮ್ಮಕ್ಕಳು ರಜಕ್ಕೆ ಬಂದಾಗ? ಬೇರೆ ಬೀಗದಲ್ಲಿಟ್ಟರೆ, ರಾತ್ರಿ ಕನ್ನಡಕ ಹುಡುಕಿ, ಎರಡು ಬೀಗದ ಕೈ ಹುಡುಕಿ, ತೋಟಾ ತುಂಬಿ ಹೊರಗೆ ಬರುವಷ್ಟರಲ್ಲಿ ಎಷ್ಟು ಹೊತ್ತು? ಭಾವ ಹಾಸಿಗೆಯಿಂದ ಬಾಗಿಲಿಗೆ ಹೆಜ್ಜೆ ಎಣಿಸಿದರು, ಒಂಬತ್ತು ಹೆಜ್ಜೆ. ಭದ್ರವಾಗಿ ಇಟ್ಟರೆ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಕೈಗೆ ಸಿಗುವಂತೆ ಇಟ್ಟರೆ ಅದು ಎಲ್ಲರ ಕೈಗೂ ಸಿಗುತ್ತದೆ. ಯಾವ ಬೋರು, ಎಷ್ಟು ನಳಿಗೆ ಎಂದು ಬರೆದ ಡೈರಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಗೇಟಿನಾಚೆ ಇರುವವನ ಪ್ರಶ್ನೆಯೂ ಇದೆ. ಎಲೆಕ್ಟ್ರಾನಿಕ್ ಸಿಟಿಯ ಬೀದಿಗಳಲ್ಲಿ ರಾತ್ರಿ ಎರಡು ಗಂಟೆಗೆ ನಡೆಯುವವರೆಲ್ಲ ಕಳ್ಳರಲ್ಲ. ಪಾಳಿ ಮುಗಿಸಿ ಬಂದ ಹುಡುಗಿ, ಮನೆ ನಂಬರು ಸಿಗದೆ ತಡಕಾಡುವ ಡೆಲಿವರಿ ಹುಡುಗ, ಕುಡಿದು ತನ್ನ ಗೇಟೆಂದು ಬೇರೆ ಗೇಟು ತಳ್ಳುವ ಬಾಡಿಗೆದಾರ ಎಲ್ಲರೂ ಆ ಹೊತ್ತಿನವರೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೂರ್ಯಾಸ್ತದ ನಂತರ ಮನೆ ಒಡೆದು ನುಗ್ಗುವವನ ವಿರುದ್ಧ ಆತ್ಮರಕ್ಷಣೆಯ ಹಕ್ಕು ಸಾಕಷ್ಟು ದೂರ ಹೋಗುತ್ತದೆ, ನಿಜ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂಬ ಮಾತೂ ಅದರಲ್ಲೇ ಇದೆ. ಎಷ್ಟು ಬೇಕಾಗಿತ್ತು ಎಂಬುದನ್ನು ಕತ್ತಲೆಯಲ್ಲಿ ಅರೆನಿದ್ದೆಯ ಮನುಷ್ಯ ಅರೆಗಳಿಗೆಯಲ್ಲಿ ತೀರ್ಮಾನಿಸಬೇಕು. ನ್ಯಾಯಾಲಯ ಅದನ್ನು ಹಗಲಿನಲ್ಲಿ ವರ್ಷಗಟ್ಟಲೆ ಪರಿಶೀಲಿಸುತ್ತದೆ.

ಭಾವ ಊರಿಗೆ ಹೊರಟ ರಾತ್ರಿ ಮನೆಯಾಕೆ ಮೊದಲ ಸಲ ಈ ವಿಷಯದಲ್ಲಿ ಬಾಯಿ ಬಿಟ್ಟರು.

“ರೀ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರಿಟೈರಾದ ವರ್ಷ ನೀವು ರಾತ್ರಿಯೆಲ್ಲ ತಾರಸಿ ಮೇಲೆ ಓಡಾಡ್ತಿದ್ರಲ್ಲ. ‘ನಾನಿದ್ದು ಯಾರಿಗೇನು’ ಅಂತಿದ್ರಿ. ನಾನು ಮೆಟ್ಟಿಲ ಮೇಲೆ ಕೂತು ಬೆಳಗು ಮಾಡ್ತಿದ್ದೆ. ಆವಾಗ ಈ ಕೋವಿ ಮನೇಲಿದ್ದಿದ್ರೆ?”

ಯಜಮಾನರು ಉತ್ತರ ಕೊಡಲಿಲ್ಲ. ಹೆಂಡತಿ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರೆಂಬುದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮನೆಯಾಕೆ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ವೈದ್ಯರೂ ಕೇಳಿಕೊಂಡಿದ್ದಾರೆ. ಅದು ಅನೇಕ ಮನೆಗಳಲ್ಲಿ ಬಂದೂಕು ಇಟ್ಟುಕೊಳ್ಳುವ ಚಾಳಿ ಇರುವ ದೇಶ. 1992ರಲ್ಲಿ ಆರ್ಥರ್ ಕೆಲರ್‌ಮನ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿದ್ದ ಮನೆಗಳಲ್ಲಿ ಆತ್ಮಹತ್ಯೆಯ ಸಂಭವ ಇಲ್ಲದ ಮನೆಗಳಿಗಿಂತ ಐದು ಪಟ್ಟಿನಷ್ಟು ಹೆಚ್ಚು ಕಂಡುಬಂತು. ಈಗಲೂ ಆ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಹಿಡಿದವರು ತಮಗೇ ತಂದುಕೊಂಡವು. ಕಳ್ಳ ಮನೆಗೆ ಬರುವುದು ಎಂದೋ ಒಂದು ದಿನ, ಬಾರದೆಯೂ ಇರಬಹುದು. ಮನೆಯವರ ಬೇಸರ, ಸಿಟ್ಟು, ನಿದ್ದೆಗೇಡು ಮಾತ್ರ ಮನೆಯೊಳಗೇ ಇರುತ್ತವೆ. ಅವಕ್ಕೆ ಬೀರುವಿನ ಬೀಗದ ಕೈ ಎಲ್ಲಿದೆಯೆಂಬುದೂ ಗೊತ್ತಿರುತ್ತದೆ.

ಇದರರ್ಥ ಕೋವಿ ಯಾರಿಗೂ ಬೇಡವೆಂದಲ್ಲ. ಬನ್ನೇರುಘಟ್ಟದ ಕಾಡಂಚಿನಲ್ಲಿ, ಕೂಗಿದರೆ ಕೇಳುವ ದೂರದಲ್ಲಿ ಇನ್ನೊಂದು ಮನೆಯಿಲ್ಲದ ತೋಟದಲ್ಲಿ ಇರುವವರ ಲೆಕ್ಕ ಬೇರೆ ಇರಬಹುದು. ಅಂಥವರು ಕೊಳ್ಳುವುದಾದರೆ ಸರಳವಾದ ಜೋಡು ನಳಿಗೆ, ಖಾಲಿ ನಳಿಗೆ, ಬೇರೆ ಬೀಗದಲ್ಲಿ ತೋಟಾ, ಕೊಳ್ಳುವ ಮೊದಲು ತರಬೇತಿ ಎಂಬಷ್ಟು ಪಾಠ ಸಾಕು. ಆದರೆ ಅದಕ್ಕೂ ಮೊದಲು ಮನೆಯಲ್ಲಿ ಯಾರು ಯಾರಿದ್ದಾರೆ, ಅವರು ಹೇಗಿದ್ದಾರೆ ಎಂಬುದನ್ನು ಒಮ್ಮೆ ನೋಡಿಕೊಳ್ಳಬೇಕು. ಕೋವಿಯ ಅಂಗಡಿಯವನು ಅದನ್ನು ಕೇಳುವುದಿಲ್ಲ.

ಯಜಮಾನರು ಅರ್ಜಿ ಹಾಕಲಿಲ್ಲ. ಹಿತ್ತಲಿಗೆ ಆಳು ಸುಳಿದರೆ ತಾನಾಗಿ ಹೊತ್ತುವ ದೀಪ ಹಾಕಿಸಿದರು, ಅಡುಗೆಮನೆಯ ಹಿಂಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ ಕೂರಿಸಿದರು. ತುರ್ತಿಗೆ ಕರೆಯುವ 112ನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಎಡಬಲದ ನಾಲ್ಕು ಮನೆಗಳಿಗೆ ಹೋಗಿ ಹೆಸರು ಕೇಳಿ ಫೋನ್ ನಂಬರು ಬರೆದುಕೊಂಡರು. ಅವರಲ್ಲೊಬ್ಬ ಹುಡುಗ ರಾತ್ರಿ ಪಾಳಿಯವನು. ಎರಡು ಗಂಟೆಗೆ ಗೇಟು ಸದ್ದು ಮಾಡುತ್ತಿದ್ದದ್ದು ತಾನೇ ಎಂದು ಸಂಕೋಚದಿಂದ ಹೇಳಿದ.

ಡೈರಿಯಲ್ಲಿ ಬರೆದುಕೊಂಡದ್ದರಲ್ಲಿ ಒಂದನ್ನು ಮಾತ್ರ ಅವರು ಮಾಡಿದರು. ಮನೆಯಾಕೆಯನ್ನು ಜೊತೆಗೆ ಕರೆದುಕೊಂಡು ವೈದ್ಯರಲ್ಲಿಗೆ ಹೋದರು. ಸರ್ಟಿಫಿಕೇಟಿನ ಮಾತೆತ್ತಲಿಲ್ಲ. ಎರಡು ವರ್ಷದಿಂದ ಸರಿಯಾಗಿ ನಿದ್ದೆಯಿಲ್ಲ ಎಂದು ಶುರುಮಾಡಿದರು. ವೈದ್ಯರು ಬಹಳ ಹೊತ್ತು ಕೇಳಿದರು. ಔಷಧಿ ಬರೆದುಕೊಟ್ಟು, ರಾತ್ರಿ ತೀರಾ ತಡೆಯಲಾಗದಿದ್ದರೆ ಮಾತನಾಡಿ ಎಂದು ‘ಟೆಲಿ ಮಾನಸ್’ನ 14416 ಎಂಬ ನಂಬರನ್ನೂ ಬರೆದರು. ಅದೀಗ ಕ್ಯಾಲೆಂಡರಿನ ಮೇಲೆ, 112ರ ಕೆಳಗೆ, ಮನೆಯಾಕೆಯ ಅಕ್ಷರದಲ್ಲಿದೆ.