ಹೊಲವಿಲ್ಲದ ಚರಗ

ಎರೆಸೀಮೆಯವರಿಗೆ ಪಿಕ್‌ನಿಕ್ ಎಂಬ ಶಬ್ದ ಹೊಸದಿರಬಹುದು. ಬುತ್ತಿ ಕಟ್ಟಿಕೊಂಡು ಹೋಗಿ ಬಯಲಲ್ಲಿ ಉಣ್ಣುವುದು ಹೊಸದಲ್ಲ. ಅಣ್ಣಿಗೇರಿ, ನವಲಗುಂದದ ಕಡೆ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಿಳಿಜೋಳದ ಬದಿಗೆ ಊಟಕ್ಕೆ ಕೂಡುತ್ತಾರೆ.

ಅಣ್ಣಿಗೇರಿಯ ಆ ಅಜ್ಜ ಇದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೆ ಮೊಮ್ಮಗಳ ನರ್ಸಿಂಗ್ ಓದಿಗೆಂದು ಉಳಿದಿದ್ದ ನಾಲ್ಕು ಎಕರೆಯನ್ನೂ ಮಾರಿದ ಮೇಲೆ, ಅಮಾವಾಸ್ಯೆ ಬಂದರೂ ಹೋಗಲು ಹೊಲವಿರಲಿಲ್ಲ. "ಈ ಸಲ ಕಪ್ಪತಗುಡ್ಡಕ್ಕ ಹೋಗೂಣು ನಡಿಯಪ್ಪಾ" ಎಂದ ಮಗ. ಅಜ್ಜ ಮಾತಾಡಲಿಲ್ಲ. ಅಜ್ಜಿ ಮಾತ್ರ ಸಜ್ಜೆರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮೊಸರನ್ನ ಎಂದಿನಂತೆ ಕಟ್ಟಿದಳು. ನವಲಗುಂದದ ಹಳೆಯ ಜಮಖಾನೆಯನ್ನೂ ಮಡಿಚಿಟ್ಟಳು.

ಗದಗ, ಡಂಬಳ ದಾಟಿದರೆ ಡೋಣಿಯ ಹತ್ತಿರ ಬಯಲಿನಲ್ಲಿ ಗುಡ್ಡದ ಸಾಲು ಎದ್ದುನಿಲ್ಲುತ್ತದೆ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಭೂವಿಜ್ಞಾನಿಗಳು ಈ ಶಿಲಾವರ್ಗಕ್ಕೆ ಇಟ್ಟಿರುವುದು ಧಾರವಾಡದ ಹೆಸರನ್ನೇ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡದಲ್ಲಿ ಕತ್ತೆಕಿರುಬ, ತೋಳ, ಕೊಂಡುಕುರಿಗಳೂ ಇವೆ. ಮಳೆಗಾಲದಲ್ಲಿ ಹಸಿರಾಗಿದ್ದ ಹುಲ್ಲು ಎಳ್ಳಮಾವಾಸ್ಯೆಯ ಹೊತ್ತಿಗೆ ಒಣಗಿರುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಚಹಾ ಮನೆಯಿಂದಲೇ ಥರ್ಮಾಸಿನಲ್ಲಿ ಬಂದಿತ್ತು.

ಕಾಲುದಾರಿಯಲ್ಲಿ ಒಂದಿಷ್ಟು ಅಡ್ಡಾಡಿ ಬಂದು, ಗಾಳಿಗುಂಡಿ ಬಸವಣ್ಣನ ಹತ್ತಿರ ಜಮಖಾನೆ ಹಾಸಿದರು. ಅಜ್ಜ ರೊಟ್ಟಿ ಮುರಿದು, ಪಲ್ಯ ಅನ್ನ ಕಲಸಿಕೊಂಡು ಎದ್ದುನಿಂತ. ಕೈ ಮೇಲೆತ್ತಿದ.

"ಅಜ್ಜಾ, ಇಲ್ಲೆ ಚೆಲ್ಲಬಾರದು. ಪ್ರಾಣಿಗೋಳಿಗೆ ನಮ್ಮ ಅನ್ನದ ರೂಢಿ ಆಗತೈತಿ" ಎಂದಳು ಮೊಮ್ಮಗಳು.

ಎತ್ತಿದ ಕೈ ಹಾಗೇ ನಿಂತಿತು. ಅಜ್ಜ ಆ ತುತ್ತನ್ನು ಬುತ್ತಿಗೆ ಇಳಿಸಿ ಕೇಳಿದ: "ಈ ಗುಡ್ಡ ಯಾರ ಹೆಸರೀಲೆ ಐತಿ?"

"ಸರ್ಕಾರದ್ದು."

"ಹಂಗಾದ್ರ ಮಾರಾಕ ಬರೂದಿಲ್ಲ ಬಿಡು."

ಮಗ ತನಗೆ ಗೊತ್ತಿದ್ದುದನ್ನು ಹೇಳಿದ. ಗಣಿಯವರ ಕಣ್ಣು ಈ ಮಣ್ಣಿನ ಮೇಲೆ ಬಿದ್ದಿತ್ತು. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಸರ್ಕಾರವೇ ಹಿಂದಕ್ಕೆ ಪಡೆದಿತ್ತು. ಗದಗಿನ ತೋಂಟದಾರ್ಯ ಮಠದ ಸ್ವಾಮಿಗಳ ಮುಂದಾಳುತನದಲ್ಲಿ ಜನ ಹೋರಾಟಕ್ಕಿಳಿದ ಮೇಲೆ 2017ರಲ್ಲಿ ಅದು ಮರಳಿ ಸಿಕ್ಕಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

"ಮಂದಿ ಕೂಡಿ ಉಳಿಸ್ಕೊಂಡ್ರನ್ನು" ಎಂದ ಅಜ್ಜ, ಕೆಳಗಿನ ಹೊಲಗಳತ್ತ ನೋಡುತ್ತ.

ಮರಳಿ ಬರುವಾಗ ಅಣ್ಣಿಗೇರಿ ಇನ್ನೂ ದೂರವಿರುವಾಗಲೇ ಕಾರು ನಿಲ್ಲಿಸಲು ಹೇಳಿದ. ಮಾರಿದ ಹೊಲದಲ್ಲಿ ಹೊಸ ಒಡೆಯನ ಜೋಳ ತೆನೆಗೆ ಬಂದಿತ್ತು. ಅಜ್ಜ ಬದು ದಾಟಲಿಲ್ಲ. ರಸ್ತೆಯಲ್ಲೇ ನಿಂತು ಚರಗ ಚೆಲ್ಲಿದ. ಬುತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ಮೊಮ್ಮಗಳು.