ಬೋರ್ಡ್ ಬದಲಿಸಿದಷ್ಟು ಸುಲಭವಲ್ಲ

ನಾಗಸಂದ್ರ ಮೆಟ್ರೋ ಇಳಿದು ಪೀಣ್ಯದ ಕಡೆ ನಡೆದರೆ ಆಗಾಗ ಬೋರ್ಡ್ ಬದಲಾಗುವ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಮೊನ್ನೆ ಜೆರಾಕ್ಸ್, ನಿನ್ನೆ ಜ್ಯೂಸ್, ಇವತ್ತು ಮೊಬೈಲ್ ರಿಪೇರಿ. ಬಾಡಿಗೆ ಸರಿಯಾಗಿ ಕೊಟ್ಟರೆ ಮಾಲೀಕರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದನ್ನೇ ನೋಡಿ ಬೆಳೆದ ನಾವು, ಅದೇ ಲೆಕ್ಕದಲ್ಲಿ ನಮ್ಮ ಚಿಕ್ಕಮ್ಮನ ಮಗನಿಗೆ ಕೆಟ್ಟ ಸಲಹೆ ಕೊಟ್ಟುಬಿಟ್ಟಿದ್ದೆವು.

ಹುಡುಗ ನಾಗಸಂದ್ರದವನೇ. ಅವನಪ್ಪ ಪೀಣ್ಯದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಇವನು ಇಂಗ್ಲೆಂಡಿಗೆ ಓದಲು ಹೋಗಿ, ಅಲ್ಲೇ ಕಂಪನಿ ಶುರು ಮಾಡಲು 'ಇನ್ನೋವೇಟರ್ ಫೌಂಡರ್' ವೀಸಾ ಪಡೆದ. ಸೈಟ್ ಅಡ ಇಟ್ಟ ದುಡ್ಡು ಅದರಲ್ಲಿದೆ.

ಈ ವೀಸಾ 2023ರ ಏಪ್ರಿಲ್‌ನಲ್ಲಿ ಬಂತು. ಮೊದಲಿದ್ದ 50,000 ಪೌಂಡ್ ಬಂಡವಾಳದ ಷರತ್ತನ್ನು ಆಗ ತೆಗೆದರು. ಆದರೆ ಅಲ್ಲಿನ ಸರ್ಕಾರ ಒಪ್ಪಿದ ಒಂದು ಸಂಸ್ಥೆ ನಿಮ್ಮ ಬಿಸಿನೆಸ್ ಪ್ಲಾನ್ ಓದಿ, ಇದು ಹೊಸತು, ನಡೆಯುವಂಥದ್ದು, ಬೆಳೆಯುವಂಥದ್ದು ಎಂದು ಪತ್ರ ಕೊಡಬೇಕು. ಅದಕ್ಕೆ 1,000 ಪೌಂಡ್ ಶುಲ್ಕ. ವೀಸಾ ಸಿಗುವುದು 3 ವರ್ಷಕ್ಕೆ. ಅಷ್ಟರಲ್ಲಿ ಕನಿಷ್ಠ ಎರಡು ಸಲ ಅದೇ ಸಂಸ್ಥೆಯವರ ಮುಂದೆ ಕೂತು ಲೆಕ್ಕ ಒಪ್ಪಿಸಬೇಕು. ಒಂದೊಂದು ಸಲಕ್ಕೂ 500 ಪೌಂಡ್.

ಇವನ ಪ್ಲಾನ್ ಅಪ್ಪನ ಲೇತಿನಿಂದಲೇ ಹುಟ್ಟಿದ್ದು. ಸಣ್ಣ ವರ್ಕ್‌ಶಾಪಿನ ಮೆಷಿನ್‌ಗೆ ಸೆನ್ಸರ್ ಕೂರಿಸಿ, ಕೆಡುವ ಮೊದಲೇ ಹೇಳುವುದು. ಎಂಟು ತಿಂಗಳು ತಿರುಗಿದರೂ ಸೆನ್ಸರ್ ಕೊಳ್ಳುವವರು ಸಿಗಲಿಲ್ಲ. 'ರಿಪೇರಿ ಲೆಕ್ಕ ಇಡೋಕೆ ಮೊಬೈಲಲ್ಲೇ ಏನಾದ್ರೂ ಮಾಡಿಕೊಡಿ, ತಿಂಗಳಿಗಿಷ್ಟು ಅಂತ ಕೊಡ್ತೀವಿ' ಅಂದವರು ಮಾತ್ರ ಇದ್ದರು.

ಒಂದು ರಾತ್ರಿ ಫೋನ್ ಮಾಡಿದ. 'ಅಣ್ಣಾ, ಸೆನ್ಸರ್ ಬಿಟ್ಟು ಆಪ್ ಮಾಡ್ಲಾ? ಪ್ಲಾನಲ್ಲಿ ಬೇರೆ ಬರೆದಿದೀನಿ.'

'ಮಾಡೋ, ಯಾರಿಗ್ ಗೊತ್ತಾಗುತ್ತೆ? ಮೀಟಿಂಗಲ್ಲಿ ಸೆನ್ಸರ್ ಕಥೇನೇ ಹೇಳು' ಅಂದೆವು.

ಫೋನ್ ಇಟ್ಟ ಮೇಲೆ ನಮಗೇ ಸಮಾಧಾನವಾಗಲಿಲ್ಲ. ಕೂತು ನಿಯಮ ಓದಿದೆವು. ಆ ಸಂಸ್ಥೆ ತನ್ನ ಪತ್ರ ವಾಪಸ್ ಪಡೆದರೆ ವೀಸಾವನ್ನೇ ಮೊಟಕು ಮಾಡಬಹುದು. ಮುಂದೆ ವೀಸಾ ವಿಸ್ತರಿಸುವಾಗಲೂ, ಅದೇ ವ್ಯವಹಾರವಾಗಿದ್ದರೆ, ಹಳೆಯ ಪ್ಲಾನ್ ಎದುರಿಟ್ಟುಕೊಂಡೇ ಎಷ್ಟು ಸಾಧಿಸಿದ್ದೀರಿ ಎಂದು ಅಳೆಯುತ್ತಾರೆ. ಮಾರಿದ್ದು ಆಪ್, ಹೇಳಿದ್ದು ಸೆನ್ಸರ್ ಆದರೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ ಹೇಳುತ್ತದೆ.

ಹಾಗಂತ ಪ್ಲಾನ್ ಬದಲಿಸುವುದು ತಪ್ಪಲ್ಲ. ವ್ಯವಹಾರ ಅಂದಮೇಲೆ ತಿರುವು ಇದ್ದದ್ದೇ. ಕಂಪನಿ ಅದೇ, ಗಿರಾಕಿ ಅದೇ, ದಾರಿ ಮಾತ್ರ ಬೇರೆ ಎಂದರೆ ಪತ್ರ ಕೊಟ್ಟವರಿಗೆ ಕಾರಣ ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಲೇತ್ ಬಿಟ್ಟು ದೋಸೆ ಹೋಟೆಲ್ ಅಂದರೆ ಅದು ಹೊಸ ವ್ಯವಹಾರ. ಅದಕ್ಕೆ ಹೊಸದಾಗಿಯೇ ಪತ್ರ ಬೇಕು. ಹೊಸತನ ಇಲ್ಲ ಎಂದು ಅದು ಸಿಗದೆಯೂ ಹೋಗಬಹುದು.

ಬೆಳಗಾಗುತ್ತಲೇ ಫೋನ್ ಮಾಡಿ, 'ನಿನ್ನೆ ಹೇಳಿದ್ದು ಮರೆತುಬಿಡು' ಅಂದೆವು. ಅವನು ನಕ್ಕ. 'ಅಪ್ಪ ಆಗಲೇ ಹೇಳ್ತು ಅಣ್ಣಾ. ಜಾಬ್ ಕೆಟ್ರೆ ಸೂಪರ್‌ವೈಸರ್‌ಗೆ ಮೊದಲು ನಾವೇ ಹೇಳ್ಬೇಕಂತೆ, ಅವರಾಗೇ ನೋಡಬಾರದಂತೆ.' ಡಿಪ್ಲೊಮಾ ಮಾಡಿದ ನಮಗೆ ಹೊಳೆಯದ್ದು ಲೇತ್ ಮುಂದೆ ನಿಂತವರಿಗೆ ಗೊತ್ತಿತ್ತು.

ಕೊಳ್ಳದವರು ಏನಂದರು, ಕೊಳ್ಳುತ್ತೇವೆ ಅಂದವರು ಎಷ್ಟು ಜನ, ಹೊಸ ಖರ್ಚೇನು ಎಂದು ನಾಲ್ಕು ಪುಟ ಬರೆದು ಕಳಿಸಿದ. ಮೂರು ವಾರ ಚಿಕ್ಕಮ್ಮ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಒಪ್ಪಿಗೆ ಬಂತು. ಸೈಟ್ ಇನ್ನೂ ಅಡದಲ್ಲೇ ಇದೆ, ಆಪ್‌ಗೆ ಗಿರಾಕಿ ಈಗೀಗ ಬರುತ್ತಿದ್ದಾರೆ.

ಇಂಗ್ಲೆಂಡಿನ ಮಾತು ನಮಗ್ಯಾಕೆ ಅನ್ನಬೇಡಿ. ಪಿಎಂಇಜಿಪಿ ಸಾಲದಲ್ಲೂ ಸಬ್ಸಿಡಿ ಹಣ ನೇರ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ಘಟಕ ನಡೆಯುತ್ತಿದೆಯಾ ಎಂದು ಬಂದು ನೋಡಿದ ಮೇಲೆಯೇ ಸಾಲಕ್ಕೆ ಹೊಂದಿಸುತ್ತಾರೆ. ರೊಟ್ಟಿ ಮೆಷಿನ್ ಎಂದು ಬರೆದುಕೊಟ್ಟು ಬೇರೆ ಏನಾದರೂ ಮಾಡುವ ಮನಸ್ಸಿದ್ದರೆ, ಮೆಷಿನ್ ಮಾರುವ ಮೊದಲು ಮ್ಯಾನೇಜರ್ ಹತ್ತಿರ ಹೋಗಿ ಕೇಳಿ. ಅವರು ಹೇಳಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. 'ಯಾರಿಗೆ ಗೊತ್ತಾಗುತ್ತೆ' ಅನ್ನುವವರ ಮಾತು ಕೇಳಬೇಡಿ, ಅದು ನಾವೇ ಆದರೂ.