ಹೆಮ್ಮರಗಾಲದ ದೇವರೂ ಬೀದಿಯ ತಂತಿಗಳೂ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಬದನವಾಳನ್ನು ಮುಟ್ಟಿ, ಅಲ್ಲಿಂದ ಒಳದಾರಿಯನ್ನು ಹಿಡಿದರೆ ಹೆಮ್ಮರಗಾಲವು ಸಿಕ್ಕುವುದು. ಬದನವಾಳು ಖಾದಿಯ ನೂಲಿನಿಂದ ಹೆಸರಾದ ಊರು. ಹೆಮ್ಮರಗಾಲವು ವೇಣುಗೋಪಾಲಸ್ವಾಮಿಯಿಂದ ಹೆಸರಾದದ್ದು. ಹಿರಿದಾದ ಮರವೇ ಹೆಮ್ಮರ. ಹೆಬ್ಬಾಗಿಲು, ಹೆದ್ದಾರಿಗಳಂತೆ ಇದೂ ಒಂದು ಸಮಾಸಪದ. ಇಂಥ ಶಬ್ದಗಳನ್ನು ಕರಿಯ ಹಲಗೆಯ ಮೇಲೆ ಬಿಡಿಸಿ ಬರೆದು ಆಯುಷ್ಯದ ಬಹುಭಾಗವನ್ನು ಕಳೆದವರಿಗೆ ಊರಿನ ಫಲಕವನ್ನು ಕಂಡೊಡನೆ ವ್ಯಾಕರಣವೇ ಮೊದಲು ನೆನಪಾಗುವುದು, ದೇವರು ಆಮೇಲೆ. ವಾಚಕರು ಕ್ಷಮಿಸಬೇಕು.

ಇಲ್ಲಿಯ ಸ್ವಾಮಿಗೆ ಸಂತಾನ ವೇಣುಗೋಪಾಲನೆಂದು ಹೆಸರು. ಕೌಂಡಿನ್ಯ ಮಹರ್ಷಿಗಳ ಸಂಬಂಧವನ್ನು ಸ್ಥಳಪುರಾಣವು ಹೇಳುವುದು. ಮಕ್ಕಳಿಲ್ಲದ ದಂಪತಿಗಳು ದೂರದೂರದಿಂದ ಬಂದು ಹರಕೆ ಹೊರುವರು. ಫಲ ಕಂಡವರು ಕೂಸನ್ನು ಎತ್ತಿಕೊಂಡು ಮರಳಿ ಬರುವರು. ನಾವು ಹೋದ ಬೆಳಿಗ್ಗೆ ಇಬ್ಬಗೆಯವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಕೂಸುಳ್ಳವಳು ಮುಂದೆ, ಕೂಸನ್ನು ಬೇಡಬಂದವಳು ಹಿಂದೆ. ಹಿಂದಿನವಳು ಮುಂದಿನವಳ ಹೆಗಲಿನ ಮೇಲಿದ್ದ ಶಿಶುವಿಗೆ ಬೆರಳು ಕೊಟ್ಟು ಆಡಿಸುತ್ತಿದ್ದಳು. ಗುಡಿಯ ವರ್ಣನೆಯನ್ನು ಇಲ್ಲಿಗೆ ನಿಲ್ಲಿಸುವೆವು. ಅದನ್ನು ಬಲ್ಲವರು ನಮಗಿಂತ ಚೆನ್ನಾಗಿ ಮಾಡಿರುವರು.

ದರ್ಶನವಾದ ತರುವಾಯ ಜಗಲಿಯ ಮೇಲೆ ಕುಳಿತು ಬೀದಿಯನ್ನು ನೋಡುತ್ತಿರಲು ಕಣ್ಣಿಗೆ ಬಿದ್ದುವು ತಂತಿಗಳು. ವಿದ್ಯುತ್ತಿನ ತಂತಿಯ ಕೆಳಗೆ ಕೇಬಲಿನ ತಂತಿ. ಕಂಬದಿಂದ ಮಾಡಿಗೆ, ಮಾಡಿನಿಂದ ಕಿಟಕಿಗೆ ಕರಿಯ ಬಳ್ಳಿಯಂತೆ ಹಬ್ಬಿದ್ದಿತು. ನಡುನಡುವೆ ಕೆಲವು ಮನೆಗಳ ಮೇಲೆ ಆಕಾಶಕ್ಕೆ ಮುಖವೆತ್ತಿದ ತಟ್ಟೆಗಳು. ಸಂಸ್ಕೃತದಲ್ಲಿ ಹರಡು ಎಂಬ ಅರ್ಥವುಳ್ಳ ‘ತನ್’ ಧಾತುವಿನಿಂದಲೇ ‘ತಂತು’ ಹುಟ್ಟಿತು, ಅದರಿಂದಲೇ ‘ಸಂತಾನ’ವೂ ಹುಟ್ಟಿತು. ಒಳಗೆ ಒಂದು ತಂತುವಿಗಾಗಿ ಪ್ರಾರ್ಥನೆ, ಹೊರಗೆ ಮತ್ತೊಂದು ತಂತುವಿನ ವಿಸ್ತಾರ! ಆದರೆ ಹೊರಗಿನ ತಂತುವು ಯಾರ ಮಾತನ್ನು ಯಾರಿಗೆ ತಲಪಿಸುವುದು ಎಂಬ ವಿಚಾರವನ್ನು ನಮ್ಮ ತಲೆಯಲ್ಲಿ ಬಿತ್ತಿದವನು ನದೀತೀರದ ಒಂದು ಗ್ರಾಮದಿಂದ ಮೊಮ್ಮಗನ ಹರಕೆ ಒಪ್ಪಿಸಲು ಬಂದಿದ್ದ ಒಬ್ಬ ವೃದ್ಧ ರೈತ.

ಜಗಲಿಯ ಮೇಲೆ ಪಕ್ಕದಲ್ಲಿ ಕುಳಿತು, ನಾವು ಮೇಷ್ಟರೆಂದು ತಿಳಿದುಕೊಂಡು, ಊರು ಮನೆ ವಿಚಾರಿಸಿ, ಆತನು ಮಾತಿಗೆ ತೊಡಗಿದನು. “ನಿಮ್ಮ ಮನೆಯಲ್ಲೂ ಟಿ.ವಿ. ಉಂಟೋ ಯಜಮಾನರೇ?” ಎಂದು ನಾವು ಕೇಳಿದೆವು.

“ಉಂಟು ಮೇಷ್ಟ್ರೇ. ಡೆಲ್ಲೀಲಿ ಮಳೆ ಬಂದುದ್ದ ತೋರುಸ್ತದ, ಬಾಂಬೇಲಿ ಮಳೆ ಬಂದುದ್ದ ತೋರುಸ್ತದ. ನಮ್ಮ ಡ್ಯಾಮಿಂದ ನೀರ ಯಾವೊತ್ತು ಬುಡ್ತಾರ ಅಂತ ಮಾತ್ರ ಹೇಳದಿಲ್ಲ. ಅದ ತಮಟೆಯೋನೇ ಬಂದು ಸಾರಬೇಕು.”

ಈ ಮಾತನ್ನು ಲಘುವೆಂದು ತಳ್ಳಿಹಾಕುವಂತಿಲ್ಲ. 2018 ಮತ್ತು 2019ನೆಯ ಇಸವಿಗಳ ಮಳೆಗಾಲದಲ್ಲಿ ಕಬಿನಿಯ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿ, ಮಲ್ಲನಮೂಲೆಯ ಬಳಿ ಮೈಸೂರಿನ ರಸ್ತೆಯನ್ನೇ ಕಟ್ಟಿಹಾಕಿದ್ದಿತು. ಅಂಥ ಹೊತ್ತಿನಲ್ಲಿ ತಗ್ಗಿನ ಮನೆಯವನಿಗೆ ಎರಡು ಗಂಟೆ ಮುಂಚಿತವಾಗಿ ಬಂದ ಸುದ್ದಿಯೂ ಎರಡು ಗಂಟೆ ತಡವಾಗಿ ಬಂದ ಸುದ್ದಿಯೂ ಒಂದೇ ಅಲ್ಲ. ದನವನ್ನು ಬಿಚ್ಚುವುದಕ್ಕೂ ಬಿತ್ತನೆಯ ಮೂಟೆಯನ್ನು ಅಟ್ಟಕ್ಕೆ ಏರಿಸುವುದಕ್ಕೂ ಬೇಕಾದುದು ಆ ಎರಡು ಗಂಟೆಗಳೇ. ಬೀದಿಯಲ್ಲಿ ನೂರಾರು ಚಾನೆಲುಗಳನ್ನು ಹೊತ್ತ ತಂತಿಯಿದ್ದೂ ಆ ಎರಡು ಗಂಟೆಯ ಮಾತಿಗೆ ಅದರಲ್ಲಿ ಸ್ಥಳವಿಲ್ಲವೆಂದರೆ ಹೇಗೆ?

ಕಾನೂನು ಏನು ಹೇಳುವುದೆಂದು ನೋಡೋಣ. ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಯು 1995ರಲ್ಲಿ ಆಯಿತು. ಅದಕ್ಕೆ ಮುಂಚೆ, ಮನೆಯ ಮಾಡಿನ ಮೇಲೆ ತಟ್ಟೆಯನ್ನಿಟ್ಟು ನೆರೆಮನೆಗಳಿಗೆ ತಂತಿ ಎಳೆದವನೇ ಆಪರೇಟರು. ಕಾಯಿದೆ ಬಂದ ಮೇಲೆ ಆತನು ಅಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಾಯಿತು. 2025ರಿಂದ ಆ ನೋಂದಣಿಯೂ ದೆಹಲಿಯ ಮಂತ್ರಾಲಯಕ್ಕೆ ಹೋಯಿತು. ದೂರದರ್ಶನದ ಗೊತ್ತಾದ ಚಾನೆಲುಗಳನ್ನು ಕಡ್ಡಾಯವಾಗಿ ತೋರಿಸಬೇಕು. ಮೇಲ್ವಿಚಾರಣೆಯ ಅಧಿಕಾರ ಜಿಲ್ಲಾಧಿಕಾರಿಗೆ, ಉಪವಿಭಾಗಾಧಿಕಾರಿಗೆ, ಪೊಲೀಸ್ ಕಮಿಷನರಿಗೆ. 2008ರ ಆಜ್ಞೆಯ ಪ್ರಕಾರ ಜಿಲ್ಲೆಗೊಂದು ಸಮಿತಿಯೂ ಉಂಟು. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಮಹಿಳಾ ಕಾಲೇಜಿನ ಪ್ರಾಂಶುಪಾಲರೊಬ್ಬರೂ ಸದಸ್ಯರು. ಕೇಬಲಿನಲ್ಲಿ ಅಯೋಗ್ಯವಾದುದು ಬಂದರೆ ಯಾವ ಗೃಹಸ್ಥನಾದರೂ ಅಲ್ಲಿಗೆ ದೂರು ಬರೆಯಬಹುದು. ಇದನ್ನು ಬಲ್ಲ ಗೃಹಸ್ಥರು ಎಷ್ಟು ಮಂದಿ! ಗ್ರಾಮ ಪಂಚಾಯಿತಿಯ ಹೆಸರು ಮಾತ್ರ ಕಾಯಿದೆಯ ಅಧಿಕಾರಿಗಳ ಪಟ್ಟಿಯಲ್ಲಿ ಕಾಣಬರುವುದಿಲ್ಲ. 2017ರ ಮಾರ್ಚಿಯ ಕೊನೆಗೆ ಹಳ್ಳಿಗಳಲ್ಲಿಯೂ ಹಳೆಯ ಬಗೆಯ ಪ್ರಸಾರ ನಿಂತು ಮನೆಮನೆಗೂ ಸೆಟ್ ಟಾಪ್ ಪೆಟ್ಟಿಗೆ ಬರಬೇಕೆಂದು ಗೊತ್ತಾದಾಗಲೂ ಗ್ರಾಮಸಭೆಯನ್ನು ಯಾರೂ ಕೇಳಬೇಕಾಗಿರಲಿಲ್ಲ.

ಅಮೆರಿಕದ ಪದ್ಧತಿ ಬೇರೆ. 1984ರಲ್ಲಿ ಅಲ್ಲಿ ಆದ ಕಾಯಿದೆಯಂತೆ ಊರಿನ ಬೀದಿಯಲ್ಲಿ ತಂತಿ ಎಳೆಯುವ ಕಂಪೆನಿಯು ಊರಿನ ಇಲ್ಲವೆ ರಾಜ್ಯದ ಆಡಳಿತದಿಂದ ಅಪ್ಪಣೆ ಪಡೆಯಬೇಕು. ವರಮಾನದಲ್ಲಿ ನೂರಕ್ಕೆ 5ರವರೆಗೆ ಊರಿಗೆ ಸಲ್ಲಿಸಬೇಕಾಗಬಹುದು. ಜನರಿಗೂ ಶಾಲೆಗಳಿಗೂ ಪೌರಾಡಳಿತಕ್ಕೂ ಚಾನೆಲು ಬಿಟ್ಟುಕೊಡಬೇಕೆಂದು ಊರು ಕೇಳಬಹುದು. ಅಪ್ಪಣೆಯ ಅವಧಿ ಮುಗಿಯುತ್ತ ಬಂದಾಗ ಊರಿನವರ ಮುಂದಿನ ಅಗತ್ಯಗಳೇನೆಂದು ವಿಚಾರಣೆ ನಡೆಯುವುದು. ಪರದೇಶದ್ದೆಲ್ಲ ಒಳ್ಳೆಯದೆಂಬ ಪಕ್ಷ ನಮ್ಮದಲ್ಲ. ಆದರೂ ಬೀದಿ ಯಾರದೋ ಅವರನ್ನು ಒಂದು ಮಾತು ಕೇಳುವುದು ನ್ಯಾಯವೇ ಸರಿ.

ಅಷ್ಟು ದೂರ ಏಕೆ? ನಮ್ಮ ಕೋಲಾರದ ಸೀಮೆಯಲ್ಲಿಯೇ ದೃಷ್ಟಾಂತವಿರುವುದು. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆಯಲ್ಲಿ ಈ ಶತಮಾನದ ಆದಿಭಾಗದಲ್ಲಿ ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳು ಯುನೆಸ್ಕೋವಿನ ನೆರವಿನಿಂದ ‘ನಮ್ಮ ಧ್ವನಿ’ ಎಂಬುದನ್ನು ಸ್ಥಾಪಿಸಿದುವು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದ್ದರೂ ಹಳ್ಳಿಯವರಿಗೆ ರೇಡಿಯೋ ನಡೆಸುವ ಪರವಾನಗಿ ಆಗ ದೊರೆಯುತ್ತಿರಲಿಲ್ಲ. ಆಕಾಶದ ಬಾಗಿಲು ಮುಚ್ಚಿದ್ದರಿಂದ ಅವರು ಕೇಬಲಿನ ತಂತಿಯನ್ನೇ ಹಿಡಿದರು! ಸ್ವಸಹಾಯ ಸಂಘದ ಹೆಂಗಸರು ಧ್ವನಿಮುದ್ರಿಸಿದ ಮಾತು, ಹಾಡು, ಬೇಸಾಯದ ಸಲಹೆ ಎಲ್ಲವೂ ಸಿನಿಮಾ ಬರುವ ತಂತಿಯಲ್ಲಿಯೇ ಮನೆಗಳಿಗೆ ಹೋಯಿತು. ಸಮುದಾಯ ರೇಡಿಯೋವಿಗೆ ಸರಕಾರವು ಸಂಘಸಂಸ್ಥೆಗಳಿಗೂ ಅನುಮತಿ ಕೊಟ್ಟದ್ದು 2006ರಲ್ಲಿ. ಈಗ ನಮ್ಮ ಜಿಲ್ಲೆಯ ಸರಗೂರಿನಲ್ಲಿ ‘ಜನಧ್ವನಿ’ ಎಂಬ ಅಂಥ ಒಂದು ಕೇಂದ್ರವಿರುವುದು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ನುಡಿಸಿದ ಸೀಮೆಯಲ್ಲವೇ ಇದು!

ಪಂಚಾಯಿತಿಯ ಕೈಯಲ್ಲಿ ಏನೂ ಇಲ್ಲವೆನ್ನುವುದೂ ತಪ್ಪು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ತಂತಿಯನ್ನು ಎಳೆಯಬೇಕೆಂದು 2011ರಲ್ಲಿ ತೀರ್ಮಾನವಾಯಿತು. ಆ ಯೋಜನೆಗೆ ಈಗ ಭಾರತ್‌ನೆಟ್ ಎಂದು ಹೆಸರು. ಎಳೆಯು ಕಚೇರಿಯ ಗೋಡೆಯವರೆಗೆ ಬಂದು ಪೆಟ್ಟಿಗೆಯೊಳಗೆ ಮಲಗಿದರೆ ಊರಿಗೇನು ಬಂದಂತಾಯಿತು? ಅಲ್ಲಿಂದ ಶಾಲೆಗೆ, ವಾಚನಾಲಯಕ್ಕೆ, ಆಸ್ಪತ್ರೆಗೆ ಅದು ಹೋಗಬೇಕೆಂದು ಕೇಳುವವರು ಊರಿನವರೇ. ಕೇಳುವ ಸ್ಥಳವೂ ಗೊತ್ತಾಗಿರುವುದು: ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ವಾರ್ಡುಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು.

ಇದನ್ನೆಲ್ಲ ಸಂಕ್ಷೇಪವಾಗಿ ಹೇಳಲು ಆ ರೈತನು ತಲೆದೂಗಿ, “ಸಭೇಲಿ ಬಾಯಲ್ಲಿ ಹೇಳುದ್ರ ಬರಕೊಳ್ಳದಿಲ್ಲ ಮೇಷ್ಟ್ರೇ. ಒಂದು ಅರ್ಜಿ ಬರದುಕೊಡಿ,” ಎಂದನು. ಚೀಲದಲ್ಲಿ ಹಾಳೆಯಿದ್ದಿತು. ಜಲಾಶಯದಿಂದ ನೀರು ಬಿಡುವ ಸೂಚನೆಯನ್ನು ಕೇಬಲಿನ ಸ್ಥಳೀಯ ಚಾನೆಲಿನಲ್ಲಿಯೂ ಪಂಚಾಯಿತಿಯ ಧ್ವನಿವರ್ಧಕದಲ್ಲಿಯೂ ಕೊಡಿಸುವಂತೆ ಜಿಲ್ಲಾಧಿಕಾರಿಗಳಿಗೆ ಬರೆಯಬೇಕೆಂದು ಒಂದು ಕಲಮು. ಪಂಚಾಯಿತಿಗೆ ಬಂದಿರುವ ಎಳೆಯನ್ನು ಶಾಲೆಗೆ ಸೇರಿಸಬೇಕೆಂದು ಮತ್ತೊಂದು ಕಲಮು. ನಾವು ‘ಅವಗಾಹನೆಗೆ ತರಲು’ ಎಂದು ಬರೆದುದನ್ನು ಓದಿಸಿ ಕೇಳಿ, “ಅದ ತಿಳಿಯೋ ಹಂಗ ಬರೀರಿ,” ಎಂದನು. ಹೊಡೆದುಹಾಕಿ ‘ತಿಳಿಸಲು’ ಎಂದು ಬರೆದೆವು. ಮಗನು ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದುಕೊಂಡನು. ಮುದುಕನು ಹಾಳೆಯನ್ನು ನಾಲ್ಕಾಗಿ ಮಡಿಸಿ, ಪ್ರಸಾದದ ಪೊಟ್ಟಣದ ಎಣ್ಣೆ ತಗಲದಂತೆ ಬೇರೆ ಜೇಬಿನಲ್ಲಿಟ್ಟುಕೊಂಡು, ಮೊಮ್ಮಗನನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ನಡೆದನು.